ಹಿತ್ತಾಳೆಯಲ್ಲ, ಡಬ್ಬದ ತಗಡು

ಶೇಖರಣ್ಣ, ನಿಮ್ಮ ಗಿಟಾರಿಗೆ ನಾನು ಹಾಕಿಕೊಟ್ಟದ್ದು ಹಿತ್ತಾಳೆಯ ಮುಚ್ಚಳವಲ್ಲ. ಎಣ್ಣೆ ಡಬ್ಬದ ತಗಡು. ಇದು ತೀರಿಹೋದ ನನ್ನ ಯಜಮಾನರಿಗೂ ಗೊತ್ತಿರಲಿಲ್ಲ.

ಮೊನ್ನೆ ನನ್ನ ಮೊಮ್ಮಗಳು ಕಡೂರಿನಲ್ಲಿ ಮೊದಲ ಸಲ ವೇದಿಕೆ ಹತ್ತಿ ಗಿಟಾರು ನುಡಿಸಿದಳು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ — ಅಕ್ಕಪಕ್ಕದವರಿಗೆಲ್ಲ ಅವಳು ನಮ್ಮವಳು, ನಮ್ಮವಳು ಎಂದು ಹೇಳಿದ್ದೇ ಹೇಳಿದ್ದು. ಇಷ್ಟು ಸಂತೋಷ ಈ ಮುದಿ ಎದೆಯಲ್ಲಿ ಹಿಡಿಸುವುದಿಲ್ಲ ಅಣ್ಣ. ಉಕ್ಕಿ ಬಂದಾಗ ತಳದಲ್ಲಿದ್ದದ್ದೂ ಮೇಲಕ್ಕೆ ಬಂತು.

ಎಪ್ಪತ್ತರ ದಶಕದ ಕೊನೆ. ತರೀಕೆರೆಯ ನಮ್ಮ ಪಾತ್ರೆ ಅಂಗಡಿಗೆ ನೀವು ಅಜ್ಜಂಪುರದಿಂದ ಬಂದಿರಿ, ವಾದ್ಯಗೋಷ್ಠಿಯವರ ಗಿಟಾರು ಹೆಗಲಿಗೆ ಹಾಕಿಕೊಂಡು. ತಂತಿಗಳ ಕೆಳಗೆ ಎರಡು ಪಿಕಪ್ — ದನಿ ಹಿಡಿಯುವ ಸುರುಳಿಗಳು — ಬರಿಮೈಯಲ್ಲಿದ್ದವು. ಟ್ಯೂಬ್‌ಲೈಟ್ ಹಾಕಿದರೆ ಗುಂಯ್ ಎನ್ನುತ್ತವೆ, ಹಿತ್ತಾಳೆ ಮುಚ್ಚಳ ಕೂರಿಸಿ ಬೆಸುಗೆ ಹಾಕಿದರೆ ಸುಮ್ಮನಾಗುತ್ತವೆ ಎಂದಿರಿ. ನಿಮ್ಮ ತಾಯಿಯ ಹರಿವಾಣವನ್ನೇ ತಂದಿದ್ದಿರಿ. ಯಜಮಾನರು ಊರಲ್ಲಿರಲಿಲ್ಲ, ಕತ್ತರಿ, ಸುತ್ತಿಗೆ ನನಗೂ ಬರುತ್ತಿತ್ತು.

ಅಳತೆ ಸರಿಯಿದೆಯೇ ಎಂದು ಮೊದಲು ಡಬ್ಬದ ತಗಡಿನಲ್ಲಿ ಮಾಡಿ ನೋಡಿ, ಆಮೇಲೆ ಹಿತ್ತಾಳೆ ಕತ್ತರಿಸುವುದು ನಮ್ಮ ಪದ್ಧತಿ. ಹಾಗೇ ಮಾಡಿದೆ. ಹರಿವಾಣಕ್ಕೆ ಕೈ ಹಾಕಿದಾಗ ನೀವು ಮಣೆ ಎಳೆದುಕೊಂಡು ಎದುರಿಗೇ ಕೂತಿರಿ. ನಗುತ್ತಲೇ ಅಂದಿರಿ:

"ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ವಂತೆ. ನಾನಿಲ್ಲೇ ಕೂತಿರ್ತೀನಿ ಕಣಮ್ಮ."

ಎಲ್ಲ ಗಿರಾಕಿಗಳೂ ಹಾಗೇ ಕಾವಲು ಕೂರುವವರೇ. ಆವತ್ತು ಯಾಕೋ — ಬೇಡ, ಯಾಕೆಂದು ಹೇಳಹೊರಟರೆ ಅದು ನೆಪವಾಗುತ್ತದೆ. ಬಿಳಿ ಬರಲೆಂದು ಕಲಾಯಿ ಹಾಕಲು ಹಿತ್ತಾಳೆ ಮುಚ್ಚಳಗಳನ್ನು ಒಳಗಿನ ಒಲೆಗೆ ಒಯ್ದೆ. ಈಚೆ ತಂದದ್ದು ಅಳತೆಗೆ ಮಾಡಿದ ತಗಡಿನವನ್ನು. ಕಲಾಯಿ ಹಾಕಿದ ಹಿತ್ತಾಳೆಯೂ ಡಬ್ಬದ ತಗಡೂ ಕಣ್ಣಿಗೆ ಒಂದೇ. ಅನುಮಾನ ಪಟ್ಟಿರಲ್ಲ, ಪಡಿ — ಅದು ನನ್ನ ಮನಸ್ಸಿನಲ್ಲಿದ್ದ ಮಾತು.

ಮುಚ್ಚಳ ಹತ್ತಿರ ಹಿಡಿದದ್ದೇ ತಡ, ಸುರುಳಿಯೊಳಗಿನ ಅಯಸ್ಕಾಂತ ಅದನ್ನು ಟಕ್ಕನೆ ಎಳೆದುಕೊಂಡಿತು. ಅಯಸ್ಕಾಂತ ಹಿತ್ತಾಳೆಯನ್ನು ಎಳೆಯುವುದಿಲ್ಲ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೂ ಅದು ಗೊತ್ತು. ನಿಮ್ಮ ಮುಖ ನೋಡಿದೆ. ನೀವು ಬೆಸುಗೆಯ ಹೊಗೆ ನೋಡುತ್ತಿದ್ದಿರಿ.

ಅದಾದ ಮೇಲೆ ಕಡೂರಿನಲ್ಲಿ ನಡೆದ ನಿಮ್ಮ ಗೋಷ್ಠಿಯ ಕಾರ್ಯಕ್ರಮದಲ್ಲಿ ಗುಂಯ್ ಸದ್ದು ನಿಂತಿತ್ತಂತೆ. ಜೊತೆಗೆ ಗಿಟಾರಿನ ದನಿಯೂ ಕಂಬಳಿ ಹೊದ್ದ ಹಾಗೆ ಮಂಕಾಗಿತ್ತಂತೆ. ಗೋಷ್ಠಿ ನಡೆಸುತ್ತಿದ್ದ ಮೇಷ್ಟ್ರು ಎಲ್ಲರೆದುರು ನಿಮ್ಮನ್ನು ಕೇಳಿದರಂತೆ: "ಒಳಗಿನ್ ಒಳ್ಳೇ ಸುರುಳಿ ಮಾರ್ಕೊಂಡು ಮೇಲೆ ಮುಚ್ಚಳ ಬಡ್ದಿದೀಯ, ಏನಪ್ಪಾ?"

ನೀವು ಮಾರನೆಯ ದಿನವೇ ಬಂದಿರಿ. ಅಂಗಡಿ ಮೆಟ್ಟಿಲು ಹತ್ತಲಿಲ್ಲ.

"ತಂಗಿ, ಹಾಕಿದ್ದು ಹಿತ್ತಾಳೇನೇ ತಾನೇ?"

"ಕಾವಲು ಕೂತಿದ್ರಲ್ಲಣ್ಣ. ನಿಮ್ ಕಣ್ಣನ್ನೇ ಕೇಳ್ಕಳಿ."

ತಪ್ಪು ತಿಳಿಯಬೇಡ ಎಂದು ನೀವೇ ನನಗೆ ಹೇಳಿ ಹೋದಿರಿ. ಗೋಷ್ಠಿಯವರು ನಿಮ್ಮನ್ನು ತೆಗೆದರು. ಸೈಕಲ್ ಅಂಗಡಿ ಇಟ್ಟಿರಿ, ಗಿಟಾರು ಮುಟ್ಟಲಿಲ್ಲ ಎಂದು ಕೇಳಿದೆ. ನಿಮ್ಮ ತಾಯಿಯ ಹಿತ್ತಾಳೆ ಯಾರದೋ ಕೊಡದ ತಳಕ್ಕೆ ಹೋಯಿತು.

ಆಮೇಲೆ ಅನುಮಾನ ನನ್ನ ಮನೆಯಲ್ಲೇ ಉಳಿಯಿತು. ಅಜ್ಜಂಪುರದ ಕಡೆಯ ಗಿರಾಕಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ — ಇವನಿಗೆ ಗೊತ್ತಾಗಿದೆ. ಯಜಮಾನರು ತಗಡಿನ ಚೂರೊಂದನ್ನು ಎತ್ತಿ ತಿರುಗಿಸಿ ನೋಡಿದರೆ — ಇವರಿಗೂ... ಎಂಬತ್ತರ ದಶಕವೆಲ್ಲ ಹೀಗೇ ಕಳೆಯಿತು. ಯಾರಿಗೂ ಏನೂ ಗೊತ್ತಿರಲಿಲ್ಲ.

ಮೊನ್ನೆ ಕಾರ್ಯಕ್ರಮ ಮುಗಿದ ಮೇಲೆ, ಪಿಕಪ್ ಮೇಲೆ ಡಬ್ಬದ ತಗಡು ಹಾಕಿದರೆ ಏನಾಗುತ್ತದೆ ಎಂದು ಮೊಮ್ಮಗಳನ್ನು ಕೇಳಿದೆ. ಅದರ ಮೇಲೆ ಕಬ್ಬಿಣ ಕೂರಿಸಿದ್ರೆ ದನಿ ಸತ್ತೋಗುತ್ತೆ ಅಜ್ಜಿ, ಎಂದಳು, ನಗುತ್ತಾ.

ನಿನ್ನೆ ಕಡೂರಿನಲ್ಲಿ ಆ ಮೇಷ್ಟ್ರ ಮನೆಗೆ ಹೋಗಿ ಎಲ್ಲ ಹೇಳಿದೆ. "ಶೇಖರನಿಗೆ ಹೇಳಿದ್ಯೇನಮ್ಮ?" ಎಂದರು ಅವರು. ಇಲ್ಲ ಎಂದೆ. ಮೊದಲು ಅಲ್ಲಿಗಲ್ಲವೇ ಹೋಗಬೇಕಿದ್ದದ್ದು ಎಂದರು. ಹೌದು.

ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ ಅಣ್ಣ. ಒಳಗೆ ಕರೆಯಬೇಡಿ. ನಿಮ್ಮ ಹೆಂಡತಿ ಮಕ್ಕಳ ಮುಂದೆ, ಬೀದಿಯವರಿಗೂ ಕೇಳುವ ಹಾಗೆ, ನೀವು ಏನನ್ನೂ ಮಾರಿಕೊಂಡಿರಲಿಲ್ಲ ಎಂದು ಹೇಳಿ ಹೋಗುತ್ತೇನೆ.