ಗೋಡೆಗೆ ಸ್ನಾನ ಮಾಡಿಸಿದ ಬಿಸಿನೀರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಮನೆಯೊಂದರ ಬಚ್ಚಲ ಬಾಗಿಲಲ್ಲಿ ನಿಂತ ಅಕ್ಕ ಗೀಸರಿನ ಸ್ವಿಚ್ಚು ಒತ್ತುತ್ತಾರೆ. ಒತ್ತಿ ಸುಮ್ಮನಾಗುವುದಿಲ್ಲ. ಮನೆಯವರೆಲ್ಲ ಬೆಚ್ಚಿಬೀಳುವ ಹಾಗೆ “ಹಾಕಿದೀನಿ!” ಎಂದು ಕೂಗುತ್ತಾರೆ. ಅಡುಗೆಮನೆಯಿಂದ ಸೊಸೆ “ಗೊತ್ತಾಯ್ತಕ್ಕಾ” ಎನ್ನುತ್ತಾಳೆ. ನೀರು ಕಾಯುವಷ್ಟರಲ್ಲಿ ಅಕ್ಕ ಒಳಕೋಣೆಯ ಮಂಚದ ಮೇಲಿರುವ ಅಜ್ಜಿಯನ್ನು ಮಗ್ಗುಲಿಗೆ ಹೊರಳಿಸಿ, ಹಾಸು ಬದಲಿಸಿ, ಬೆನ್ನಿನ ಹುಣ್ಣು ಎಷ್ಟು ಕೂಡಿಕೊಂಡಿದೆ ಎಂದು ಬಗ್ಗಿ ನೋಡುತ್ತಾರೆ. ಆಮೇಲೆ ಹೋಗಿ ಸ್ವಿಚ್ಚು ಆರಿಸುತ್ತಾರೆ. ಮತ್ತೊಂದು ಕೂಗು: “ಆರಿಸಿದೀನಿ!” ಕೆಳಗಿನ ಮನೆಯ ನಿವೃತ್ತ ಗುಮಾಸ್ತರಿಗೆ ಈಗ ಅಲಾರಮ್ಮೇ ಬೇಡವಂತೆ.

ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಸ್ನಾನ ಮಾಡಿಸಿ ಬರುವುದು ಇವರ ಕಸುಬು. ದಿನಕ್ಕೆ ನಾಲ್ಕು ಮನೆ. ಮೊನ್ನೆ ಮೊನ್ನೆಯವರೆಗೆ ಐದಿತ್ತು. ಬಡಾವಣೆಯಲ್ಲಿ ಇವರ ಹೆಸರು ಕೇಳಿದರೆ ಯಾರೂ ಹೇಳಲಾರರು, ‘ಬಿಸಿನೀರಕ್ಕ’ ಎಂದರೆ ಹಾಲಿನವನೂ ದಾರಿ ತೋರಿಸುತ್ತಾನೆ. ಮೊಣಕೈವರೆಗೆ ನೀರು ಹಿಡಿದು ಸುಕ್ಕಾದ ಕೈ, ಸದಾ ಒದ್ದೆಯಾಗಿರುವ ಬಟ್ಟೆಯ ಅಂಚು, ಹೆಗಲಲ್ಲಿ ಎರಡು ಟವೆಲ್ಲಿನ ಚೀಲ. ಇಷ್ಟು ವರ್ಷ ಇವರು ಯಾವ ಮನೆಯಲ್ಲೂ ಗಟ್ಟಿಯಾಗಿ ಮಾತಾಡಿದವರಲ್ಲ. ತುಟಿ ಪಿಟಕ್ಕೆನ್ನದೆ ಬಂದು, ಮಾಡಿ, ಹೋಗುತ್ತಿದ್ದವರು. ಅಂಥವರು ಈಗ ಕೂಗುತ್ತಿದ್ದಾರೆಂದರೆ ಅದಕ್ಕೆ ಕಾರಣವಿದೆ.

ಮೊದಲು ಅವರು ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದರು. ಉದ್ದನೆಯ ವಾರ್ಡು, ಒಂದೇ ಬಾಯ್ಲರು. ಬಾಗಿಲ ಹತ್ತಿರದ ಮಂಚದಿಂದ ಮೈ ಒರೆಸುತ್ತಾ ಹೋದರೆ ಕೊನೆಯ ಮಂಚಕ್ಕೆ ತಲುಪುವಾಗ ಬಿಸಿನೀರು ಮುಗಿದಿರುತ್ತಿತ್ತು. “ಕೊನೇ ಬೆಡ್ಡಿನವರು ನನ್ನ ಕೈಯಲ್ಲಿ ಬಟ್ಟೆ ನೋಡಿದ ತಕ್ಷಣ ಮೈ ಮುದುಡಿಕೊಳ್ಳೋರು. ತಣ್ಣೀರು ಮುಟ್ಟೋಕೆ ಮುಂಚೆನೇ ನಡುಗೋರು. ಆ ನಡುಕ ನಾನು ಸಾಯೋವರೆಗೂ ಮರೆಯಲ್ಲ” ಎನ್ನುತ್ತಾರೆ ಅಕ್ಕ. ಆಸ್ಪತ್ರೆ ಬಿಟ್ಟು ಮನೆಗಳಿಗೆ ಹೋಗತೊಡಗಿದ ದಿನವೇ ಅವರು ಮನಸ್ಸಿನಲ್ಲಿ ಒಂದು ಶಪಥ ಮಾಡಿಕೊಂಡರು: ನನ್ನ ಕೈಗೆ ಬಂದವರಿಗೆ ಬಿಸಿನೀರು ಮುಗಿಯಿತು ಎನ್ನುವುದಿಲ್ಲ.

ಸ್ವಂತ ಮನೆಯಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಗೀಸರೂ ಇಲ್ಲ, ಕೆಟಲೂ ಇಲ್ಲ, ಒಂದೊಲೆ ಸ್ಟವ್ವು, ಅದರ ಮೇಲೊಂದು ಮುಚ್ಚಳದ ಪಾತ್ರೆ. ರಾತ್ರಿ ಕಾವಲಿಗೆ ಹೋಗುವ ಗಂಡ ಬೆಳಿಗ್ಗೆ ಬಂದು ಆರಿದ ಟೀಯನ್ನು ಮತ್ತೆ ಬಿಸಿ ಮಾಡಿಕೊಡು ಎಂದರೆ ಇವರು ಕಣ್ಣು ಬಿಡುತ್ತಾರಂತೆ. “ಊರಿಗೆಲ್ಲ ಬಿಸಿನೀರು, ಗಂಡನಿಗೆ ಕಣ್ಣಿನ ಬಿಸಿ” ಎಂದು ಗಂಡ ನಗುತ್ತಾರೆ. ಅಕ್ಕ ಸ್ಟವ್ವಿನ ನಾಬು ತಿರುಗಿಸಿ ಭದ್ರ ಮಾಡುತ್ತಾರೆ.

ಈಗ ಮೂರನೇ ಮಹಡಿಯ ಮನೆಗೆ ಬರೋಣ. ಅಲ್ಲಿರುವವರು ಟೈಲರಜ್ಜಿ. ಸೊಂಟದ ಮೂಳೆ ಮುರಿಯುವವರೆಗೂ ಹೊಲಿಗೆ ಮಿಷನ್ನಿನ ಮುಂದೆಯೇ ಬದುಕಿದವರು. ಮಗ ಬಸ್ಸಿನ ಚಾಲಕ, ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅಕ್ಕ ಬಂದ ಸ್ವಲ್ಪ ಹೊತ್ತಿಗೆಲ್ಲ ಇಬ್ಬರೂ ಹೊರಟುಬಿಡುತ್ತಿದ್ದರು. ಚಳಿ ಶುರುವಾಗುವ ಹೊತ್ತಿಗೆ ಅಜ್ಜಿಯ ಬೆನ್ನಲ್ಲಿ ಹುಣ್ಣು ಕಾಣಿಸಿತು. ಬೆಳಿಗ್ಗೆ ಸ್ನಾನವಲ್ಲದೆ ಸಂಜೆಯೂ ಒಮ್ಮೆ ಬೆಚ್ಚಗಿನ ನೀರಲ್ಲಿ ಮೈ ಒರೆಸಬೇಕು ಎಂದರು ಡಾಕ್ಟರು. ಸಂಜೆಯದು ಸೊಸೆಯ ಪಾಲಿಗೆ ಬಂತು.

ಪಾಪ, ದುಡಿದು ದಣಿದು ಬರುವ ಹುಡುಗಿ, ಬಂದು ನೀರು ಕಾಯಿಸುತ್ತಾ ಯಾಕೆ ನಿಲ್ಲಬೇಕು ಎನಿಸಿತು ಅಕ್ಕನಿಗೆ. ಹೊರಡುವಾಗ ಗೀಸರಿನ ಸ್ವಿಚ್ಚನ್ನು ಆರಿಸದೆ ಬಿಟ್ಟರು. ನೀರು ಒಮ್ಮೆ ಕಾದ ಮೇಲೆ ಗೀಸರು ತನ್ನ ಪಾಡಿಗೆ ಸುಮ್ಮನಿರುತ್ತದೆ, ಕರೆಂಟು ತಿನ್ನುವುದಿಲ್ಲ ಎಂಬುದು ಅವರ ತಿಳಿವಳಿಕೆ. ಸಂಜೆ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ, ಸೊಸೆಗೆ ಸಂತೋಷವಾಗುತ್ತದೆ. ಇದನ್ನು ಯಾರಿಗಾದರೂ ಹೇಳಿದರೇ? ಇಲ್ಲ. “ಹೇಳಿಕೊಂಡು ಮಾಡೋದೂ ಒಂದು ಉಪಕಾರನಾ?” ಎಂದು ಈಗಲೂ ಕೇಳುತ್ತಾರೆ, ಕೇಳಿದ ಮೇಲೆ ತಾವೇ ಹಣೆ ಚಚ್ಚಿಕೊಳ್ಳುತ್ತಾರೆ.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಸ್ವಿಚ್ಚು ಹಾಕಿಯೇ ಇತ್ತು, ನೀರು ಕಾದಿತ್ತು. ಅಕ್ಕನ ಕಣ್ಣಲ್ಲಿ ನೀರು ಬಂತು. ತನಗೆ ಅನುಕೂಲವಾಗಲಿ ಎಂದು ಸೊಸೆ ಬೇಗ ಎದ್ದು ಹಾಕಿಟ್ಟಿದ್ದಾಳೆ ಎಂದುಕೊಂಡರು. ಅದರ ಮರುದಿನವೂ ಹಾಗೇ. ಮಿಕ್ಕ ಮನೆಗಳಲ್ಲೆಲ್ಲ ಈ ಸೊಸೆಯ ಗುಣಗಾನ ನಡೆಯಿತು. ಅವಳ ಎದುರಿಗೆ ಮಾತ್ರ ಹೇಳಲಿಲ್ಲ, ಎದುರಿಗೆ ಹೊಗಳಿದರೆ ಚೆನ್ನಾಗಿರುವುದಿಲ್ಲವಲ್ಲ! ಇತ್ತ ಸೊಸೆಗೆ ಗೀಸರು ಎಂದರೆ ದುಬಾರಿ ಪ್ರಾಣಿ. ಗಂಡ ಹೆಂಡತಿ ತಣ್ಣೀರಲ್ಲೇ ಮೈ ತೊಳೆದುಕೊಳ್ಳುತ್ತಿದ್ದರು. ಬಾಗಿಲ ಹಿಂದಿನ ಆ ಸ್ವಿಚ್ಚಿನ ಕೆಂಪು ದೀಪ ಎಂದೋ ಸುಟ್ಟುಹೋಗಿತ್ತು. ಅವಳು ಪ್ರತಿ ಸಂಜೆ ಗ್ಯಾಸಿನ ಮೇಲೆ ದೊಡ್ಡ ಪಾತ್ರೆ ತುಂಬ ನೀರಿಟ್ಟು, ಮುಚ್ಚಳವನ್ನೂ ಮುಚ್ಚದೆ, ಅಡುಗೆಮನೆಯೆಲ್ಲ ಹಬೆಯಾಗುವವರೆಗೆ ಕುದಿಸುತ್ತಿದ್ದಳು. ಗೋಡೆಯ ಆಚೆ ಒಂದು ಟ್ಯಾಂಕು ಬಿಸಿನೀರು ಯಾರಿಗೂ ಬೇಡದೆ ಕಾಯುತ್ತಾ ನಿಂತಿತ್ತು. ಇದು ಒಂದು ದಿನದ ಮಾತಲ್ಲ, ಚಳಿಗಾಲ ಪೂರ್ತಿ.

ಕರೆಂಟು ಬಿಲ್ಲು ತಿಂಗಳಿಂದ ತಿಂಗಳಿಗೆ ಏರುತ್ತಾ ಬಂತು. ಕೊನೆಯದು ಚಳಿಗೆ ಮುಂಚಿನದಕ್ಕಿಂತ ಎರಡು ಪಟ್ಟು. ಮಗ ಬಿಲ್ಲನ್ನು ತಿರುವಿ ಮುರುವಿ ನೋಡಿದ, ಗಂಡ ಹೆಂಡತಿ ಊಟದ ಮೇಜಿನ ಹತ್ತಿರ ದನಿ ತಗ್ಗಿಸಿ ಮಾತಾಡಿಕೊಂಡರು. ಯಾರೂ ಅಜ್ಜಿಯನ್ನು ಒಂದು ಮಾತು ಅನ್ನಲಿಲ್ಲ. ಆದರೆ ಮಲಗಿದವರ ಕಿವಿ ಚುರುಕು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂಬುದು ಕಳ್ಳರಿಗೆ ಹೇಳಿದ ಗಾದೆ. ಇಲ್ಲಿ ಏನೂ ಕದಿಯದ ಅಜ್ಜಿ ಹೆಗಲು ಮುಟ್ಟಿಕೊಂಡರು. ಮರುದಿನ ಅಕ್ಕ ಬಂದಾಗ “ನಂಗೆ ಸ್ನಾನ ಬೇಡ. ಮೈ ಸರಿಯಿಲ್ಲ” ಎಂದರು. ಅದರ ಮಾರನೆಯ ದಿನವೂ ಬೇಡ. ಸಂಜೆ ಸೊಸೆ ಬಿಸಿನೀರು ತಂದರೆ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿದರು. ವಾರ ಕಳೆಯುವಷ್ಟರಲ್ಲಿ ಹುಣ್ಣು ಅಗಲವಾಯಿತು, ಕೋಣೆಯಲ್ಲಿ ವಾಸನೆ ಶುರುವಾಯಿತು. ಹೀಗೇ ಬಿಟ್ಟರೆ ಆಸ್ಪತ್ರೆಯೇ ಗತಿ ಎಂದು ಡಾಕ್ಟರು ಎಚ್ಚರಿಸಿದರು. ಅಕ್ಕ ಗೋಗರೆದಾಗ ಒಂದೇ ಒಂದು ಸಲ ಅಜ್ಜಿ ಬಾಯಿಬಿಟ್ಟರು: “ಮಕ್ಕಳು ತಣ್ಣೀರಲ್ಲಿ ಮೀಯ್ತಾರೆ. ನಾನು ಮಂಚದಲ್ಲಿ ಬಿದ್ಕೊಂಡು ಅವರ ಸಂಬಳ ಕುದಿಸ್ಲಾ?”

ಅಕ್ಕನ ಪಿತ್ತ ನೆತ್ತಿಗೇರಿತು. ಮುದುಕಿಗೆ ಯಾರೋ ಚುಚ್ಚಿ ಮಾತಾಡಿದ್ದಾರೆ, ಅದರಲ್ಲಿ ಅನುಮಾನವೇ ಇಲ್ಲ. ಭಾನುವಾರ ಸೊಸೆ ಮನೆಯಲ್ಲಿದ್ದಳು. ಎಂದೂ ಮಾತಾಡದ ಬಿಸಿನೀರಕ್ಕ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು.

“ಅಲ್ಲಮ್ಮ, ದಿನಾ ಬೆಳಿಗ್ಗೆ ನಂಗೋಸ್ಕರ ಗೀಸರ್ ಹಾಕಿಡೋ ಅಷ್ಟು ಒಳ್ಳೆ ಮನಸ್ಸು ನಿಂದು. ಅತ್ತೆಗೆ ಎರಡು ಬಕೆಟ್ ನೀರು ಹಾಕೋಕೆ ಹೊಟ್ಟೆ ಉರೀತಾ?”

“ನಾನಾ? ನಾನ್ಯಾವತ್ತು ಹಾಕಿದೆ?” ಎಂದಳು ಸೊಸೆ. “ಆ ಸ್ವಿಚ್ಚು ಮುಟ್ಟಿ ಒಂದು ವರ್ಷ ಆಗಿರ್ಬೇಕು. ನೀವೇ ಅಲ್ವಾ ಅಕ್ಕ ಬೆಳಿಗ್ಗೆ ಬಂದು ಹಾಕೋದು?”

“ನಾನು ಬರೋವಾಗ ಹಾಕಿರುತ್ತಲ್ಲ…” ಎಂದ ಅಕ್ಕನ ಮಾತು ಅಲ್ಲೇ ನಿಂತಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರೂ ಬಚ್ಚಲಿಗೆ ನುಗ್ಗಿದರು. ಸ್ವಿಚ್ಚು ಹಾಕಿತ್ತು. ಸೊಸೆ ನಲ್ಲಿ ತಿರುಗಿಸಿ, ಸುಟ್ಟ ಬೆರಳನ್ನು ಬಾಯಿಗಿಟ್ಟುಕೊಂಡಳು. ಒಂದು ವಾರದಿಂದ ಯಾರೂ ಬಿಸಿನೀರಲ್ಲಿ ಸ್ನಾನ ಮಾಡದ ಆ ಮನೆಯಲ್ಲಿ ನೀರು ಕುದಿಯುತ್ತಿತ್ತು. “ಅಲ್ಲೇ ನೆಲದ ಮೇಲೆ ಕೂತ್ಬಿಟ್ಟೆ. ಅಜ್ಜಿ ಬೆನ್ನಿನ ಹುಣ್ಣು ನಾನೇ ದೊಡ್ಡದು ಮಾಡಿದ್ದು ಅನ್ನಿಸ್ತು” ಎನ್ನುತ್ತಾರೆ ಅಕ್ಕ.

ಬೀದಿಯ ಕೊನೆಯ ಅಂಗಡಿಯ ಎಲೆಕ್ಟ್ರಿಷಿಯನ್ ಬಂದು ಗೀಸರಿನ ಮುಚ್ಚಳ ಬಿಚ್ಚಿದ. ಒಳಗೆ ಬಿಸಿ ಹಿಡಿದಿಡಬೇಕಾದ ಹೊದಿಕೆ ಪುಡಿಪುಡಿಯಾಗಿ ಉದುರಿತ್ತು, ನೀರು ಕಾಯಿಸುವ ಕಾಯಿಲ್ ಮೇಲೆ ಬಿಳಿ ಉಪ್ಪು ಹಕ್ಕಳೆಗಟ್ಟಿತ್ತು. ಕಾದ ನೀರು ಸುಮ್ಮನಿರುವುದಿಲ್ಲ, ಆರುತ್ತದೆ. ಆರಿದಾಗಲೆಲ್ಲ ಗೀಸರು ತಾನೇ ಮತ್ತೆ ಕಾಯಿಸಲು ತೊಡಗುತ್ತದೆ, ಹಗಲೂ ಇರುಳೂ. “ಅಕ್ಕಾ, ನೀವು ಇಷ್ಟು ದಿನ ಅಜ್ಜಿಗಿಂತ ಜಾಸ್ತಿ ಗೋಡೆಗೇ ಸ್ನಾನ ಮಾಡಿಸಿದೀರ” ಎಂದ ಅವನು. ತಮಾಷೆಗೇ ಅಂದದ್ದು, ಆದರೆ ಯಾರೂ ನಗಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಒಂದು ಚಳಿಗಾಲದ ಕರೆಂಟು ಹೋಗಿತ್ತು. ಬೇಕಾದಾಗ ಹಾಕಿ, ಕಾದ ಕೂಡಲೇ ಆರಿಸಿದರೆ ಸಾಕು, ಸಂಜೆ ಮೈ ಒರೆಸಲು ಕೆಟಲಿನಲ್ಲಿ ಬೇಕಾದಷ್ಟೇ ನೀರು ಹಾಕಿ ಕಾಯಿಸಿದರೆ ಧಾರಾಳ ಎಂದೂ ಹೇಳಿಹೋದ. ಮುಚ್ಚಳವಿಲ್ಲದ ತನ್ನ ದೊಡ್ಡ ಪಾತ್ರೆಯನ್ನು ಸೊಸೆ ಮೆಲ್ಲಗೆ ಕಪಾಟಿನೊಳಗೆ ತಳ್ಳಿದಳು.

ಅಷ್ಟರಲ್ಲಿ ಅಕ್ಕನಿಗೆ ಇನ್ನೊಂದು ಹೊಳೆಯಿತು. ಇದೇ ಉಪಕಾರವನ್ನು ಅವರು ಇನ್ನೊಂದು ಮನೆಯಲ್ಲೂ ಮಾಡುತ್ತಾ ಬಂದಿದ್ದರು! ಅಲ್ಲಿಗೆ ಓಡಿದರು. ಮುಚ್ಚಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಹೇಳಿಬಿಟ್ಟರು. ಯಜಮಾನರು ಪೂರ್ತಿ ಕೇಳಿಸಿಕೊಂಡು, “ನಾಳೆಯಿಂದ ಬರಬೇಡಿ” ಎಂದರು. ಐದನೆಯ ಮನೆ ಹೋದದ್ದು ಹೀಗೆ. “ಅವರ ತಪ್ಪೇನಿಲ್ಲ. ಕೇಳದೆ ಮಾಡಿದ ಉಪಕಾರಕ್ಕೆ ಬಿಲ್ಲು ಕಟ್ಟಿದ್ದು ಅವರು” ಎನ್ನುತ್ತಾರೆ ಅಕ್ಕ. ಎಲೆಮರೆಯ ಕಾಯಿ ಎಂದು ನಾವು ಮೆಚ್ಚಿ ಬರೆಯುತ್ತೇವಲ್ಲ, ಆ ಮರೆಯೇ ಒಮ್ಮೊಮ್ಮೆ ಹೀಗೆ ಅನಾಹುತ ಮಾಡುತ್ತದೆ ಎಂದು ಯಾರಿಗೆ ತಾನೇ ಹೊಳೆದೀತು?

ಅಲ್ಲಿಂದ ಅವರು ಮನೆಗೆ ಹೋಗಲಿಲ್ಲ, ಮತ್ತೆ ಮೂರು ಮಹಡಿ ಹತ್ತಿ ಬಂದರು. ಎಲ್ಲಕ್ಕಿಂತ ಕಷ್ಟದ ಮಾತು ಬಾಕಿಯಿತ್ತು. ಅಜ್ಜಿಯ ಮಂಚದ ಪಕ್ಕ ಕೂತು ಮೊದಲಿಂದ ಕೊನೆಯವರೆಗೆ ಹೇಳಿದರು. ಬಿಲ್ಲು ನಿಮ್ಮ ಸ್ನಾನದ್ದಲ್ಲ, ನಿಮ್ಮ ಎರಡು ಬಕೆಟ್ ಅದರಲ್ಲಿ ಲೆಕ್ಕಕ್ಕೇ ಇಲ್ಲ, ತಪ್ಪು ನನ್ನದು ಎಂದರು.

“ಹಾಗಾದ್ರೆ ನಾನು ಇಷ್ಟು ದಿನ ಸುಮ್ಸುಮ್ನೆ ಕೊಳೆತ್ನಾ?”

“ಹೌದಜ್ಜಿ. ನನ್ನಿಂದ.”

“ಥೂ ನಿನ್ನ! ಬಾಯಿ ಇರೋದು ಯಾಕೆ ನಿಂಗೆ?” ಎಂದು ಅಜ್ಜಿ ಬೈದರು. ಇನ್ನೂ ಏನೇನೋ ಬೈದರು. ಹೊಲಿಗೆ ಕಲಿಯಲು ಬಂದ ಹುಡುಗಿಯರನ್ನು ಬೈದು ಪಳಗಿದ ನಾಲಿಗೆ ಅದು. ಬೈದು ಬೈದು ದಣಿದ ಮೇಲೆ ಅಕ್ಕನತ್ತ ಎರಡೂ ಕೈ ಚಾಚಿದರು, ಎತ್ತು ಎಂದು.

ಅಕ್ಕ ಸ್ವಿಚ್ಚು ಹಾಕಿದರು. ಕಾದ ಕೂಡಲೇ ಆರಿಸಿದರು. ಚಕ್ರದ ಕುರ್ಚಿಯಲ್ಲಿ ಅಜ್ಜಿಯನ್ನು ಬಚ್ಚಲಿಗೆ ತಂದು, ಹುಣ್ಣಿಗೆ ರಭಸ ತಾಗದಂತೆ ಹೆಗಲಿನಿಂದ ನಿಧಾನವಾಗಿ ನೀರಿಳಿಸಿದರು. ಅಜ್ಜಿಯ ಕಣ್ಣು ಮುಚ್ಚಿತು. ಬಕೆಟ್ಟಿನ ತಳ ಕಂಡಾಗ ಅಕ್ಕ ಟವೆಲ್ಲಿಗೆ ಕೈ ಹಾಕಿದರು.

“ಇನ್ನೊಂದು ಮಗ್ ಹಾಕೇ” ಎಂದರು ಅಜ್ಜಿ, ಕಣ್ಣು ತೆರೆಯದೆ.

ನಲ್ಲಿಯಲ್ಲಿ ಬಿಸಿ ಮುಗಿದಿತ್ತು. ಅಕ್ಕ ಸ್ವಿಚ್ಚಿನತ್ತ ತಿರುಗುವಷ್ಟರಲ್ಲಿ ಬಾಗಿಲಲ್ಲಿ ಸೊಸೆ ನಿಂತಿದ್ದಳು, ಟೀಗೆಂದು ಕಾಯಿಸಿದ್ದ ಕೆಟಲನ್ನು ಹಿಡಿದುಕೊಂಡು. ತಾನೇ ಬಗ್ಗಿ, ಮಗ್ಗಿಗೆ ಹಿಡಿದ ತಣ್ಣೀರಿಗೆ ಅದನ್ನು ಸುರಿದು, ಬೆರಳದ್ದಿ ಹದ ನೋಡಿ, ಅತ್ತೆಯ ಬೆನ್ನಿಗೆ ಹೊಯ್ದಳು.

ಇಷ್ಟು ಹೇಳಿ ಅಕ್ಕ ಟವೆಲ್ಲಿನ ಚೀಲ ಹೆಗಲಿಗೇರಿಸುತ್ತಾರೆ, ಮುಂದಿನ ಮನೆಗೆ ಹೊತ್ತಾಗಿದೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಮೆಟ್ಟಿಲಲ್ಲೇ ನಿಂತು ಯೋಚಿಸುತ್ತಾರೆ.

“ನಂಗೇನು ಆಸೆ. ‘ಸಾಕು’ ಅನ್ನೋ ಮಾತು ಅಜ್ಜಿ ಬಾಯಿಂದಲೇ ಬರ್ಲಿ. ಅಲ್ಲಿವರೆಗೂ ಹೊಯ್ತೀನಿ.”