ಅವ್ವ ಕುಂತ ಬದು

ಸತ್ತ ಮ್ಯಾಲೆ ಎಷ್ಟು ಜಾಗ ಬೇಕು ಅನ್ನೂ ವಿಚಾರದಾಗ ನಮ್ಮ ಮಂದಿ ಭಾಳ ಹಿಡಿತದವರು ನೋಡ್ರಿ. ವಿಜಾಪುರದ ಬಾದಶಾ ತಾನು ಮಲಗಾಕ ಅಷ್ಟು ದೊಡ್ಡ ಗೋಳಗುಮ್ಮಟ ಕಟ್ಟಿಸಿದ. ನಾವು ಕೈಯಾಗ ಲಿಂಗ ಹಿಡಕೊಂಡು ಚಕ್ಕಳಮಕ್ಕಳ ಹಾಕಿ ಕುಣಿಯೊಳಗ ಕುಂತಬಿಡತೀವಿ. ಪುಣೆದಾಗಿನ ನಮ್ಮ ಬೀಗರು ಅಲ್ಲಿ ಹುಗಿಯೂ ಜಾಗದ ದರಾ ಹೇಳಿದಾಗ ನನಗ ಹೊಳದದ್ದು ಒಂದ: ಕುಂತು ಹೋಗಾವರಿಗೆ ಅರ್ಧಾ ತಿಕೀಟು ಇರಬೇಕಿತ್ತು.

ನಗತೀನಿ ಖರೆ, ಆದ್ರ ನಮಗ ಆ ಅರ್ಧಾ ಜಾಗಾನೂ ಇರಲಿಲ್ಲ. ತಿಕೋಂಡಿಯೊಳಗ ಅಜ್ಜನ ಕಾಲದಿಂದ ಕಿರಾಣಿ ಅಂಗಡಿ ನಮ್ಮದು. ಊರಾಗ ಯಾರ ಮನಿಯಾಗ ಇವತ್ತ ಏನು ಅಡಗಿ ಅಂತ ಹೇಳಬಲ್ಲೆ. ಹೊಲದ ಕಾಗದ, ಸಾತಬಾರಾದಾಗ ಮಾತ್ರ ನಮ್ಮ ಹೆಸರಿಲ್ಲ, ಗೇಣು ಹೊಲ ಇಲ್ಲ. ಹೊಲ ಇದ್ದವರು ತಮ್ಮ ಬದುವಿನ್ಯಾಗ ಹಿರಿಯಾರನ್ನ ಮಣ್ಣು ಮಾಡತಾರ, ಇಲ್ಲದವರಿಗೆ ಹಳ್ಳದ ದಂಡಿ. ನಮ್ಮಪ್ಪನ್ನ ಅಲ್ಲೇ ಕುಂದ್ರಿಸಿದ್ವಿ. ಒಂದು ಮಳಿಗೆ ಹಳ್ಳ ಬಂದು ಗುರುತಿನ ಕಲ್ಲೂ ಉಳೀಲಿಲ್ಲ.

ಅದನ್ನ ನೋಡಿದ ಅವ್ವ ಮುಪ್ಪಿನಾಗ ಹಟಾ ಹಿಡದ್ಲು: “ಬದುಕಿದ್ದಾಗ ಟ್ಯಾಂಕರಿನ ಮುಂದ ಕೊಡಾ ಹಿಡಕೊಂಡು ನಿಂತೀನಿ. ಸತ್ತ ಮ್ಯಾಲೆ ನೀರಾಗ ಕುಂದ್ರಸಬ್ಯಾಡೋ ಯಪ್ಪಾ. ನನಗ ಹೊಲದ ಮಣ್ಣು ಬೇಕು.”

ಹೊಲ ಅಂದ್ರ ಬೆಲ್ಲ ಏನು, ತೂಗಿ ಪೊಟ್ಟಣ ಕಟ್ಟಾಕ? ನಾಚಿಕಿ ಬಿಟ್ಟು ನಮ್ಮ ಹಳೇ ಗಿರಾಕಿ, ಕುರಿ ಕಾಯೂ ಬೀರಣ್ಣನ್ನ ಕೇಳಿದೆ: ನಿನ್ನ ಹೊಲದಾಗ ಬದುವಿನ ಬೇವಿನ ಗಿಡದ ಮೂಲಿ ಒಂದೀಟು ಕೊಡತೀಯೇನು, ರೇಟ ಹೇಳು. ಅಂವ ರುಮಾಲು ಬಿಚ್ಚಿ ಮಾರಿ ಒರಸ್ಕೊಂಡ. “ಅವ್ವಾರಿಗೆ ಮಣ್ಣು ಮಾರಿದ್ರ ನಮ್ಮ ದೇವರು ಬೀರಪ್ಪ ಮೆಚ್ಚತಾನೇನ್ರಿ, ಸಾವಕಾರ್ರ? ಒಂದ ಮಾತು ನಡಸಿ ಕೊಡ್ರಿ. ಸತ್ತ ಮ್ಯಾಲೆ ಬರೂ ಜಾಗಕ್ಕ ಅವ್ವಾರು ಜೀವ ಇದ್ದಾಗ ಉಣ್ಣಾಕ ಬರಲಿ.”

ಹಿಂಗಾಗಿ ಪ್ರತಿ ಎಳ್ಳಮಾಸಿಗೆ, ಹೊಲ ಇದ್ದವರೆಲ್ಲ ಭೂತಾಯಿಗೆ ಚರಗ ಚೆಲ್ಲಿ ಹೊಲದಾಗ ಉಣ್ಣೂ ದಿನ, ಅವ್ವ ತನ್ನ ಜಾಗ ನೋಡಾಕ ಹೊಂಟಬಿಡತಿದ್ಲು. ಸಜ್ಜಿರೊಟ್ಟಿ, ಪುಂಡಿಪಲ್ಯ ಗಟ್ಟಿ ಉಂಡು ಬೇವಿನ ನೆಳ್ಳಿಗೆ ಕುಂತು ನೋಡತಿದ್ಲು. “ಒಂದೀಟು ಆ ಕಡೆ ಸರಸೋ ಬೀರಾ, ಇಲ್ಲಿ ಬಿಸಲು ಬಡೀತೈತಿ” ಅಂತ ಕರಾರು ಬ್ಯಾರೆ! ಜ್ವಾಳದ ತೆನಿಗೆ ಗುಬ್ಬಿ ಇಳದ್ರ ಕುಂತಲ್ಲಿಂದನ “ಹೋಯ್!” ಅಂತಿದ್ಲು, ಪಕ್ಕದ ಹೊಲದ ಗುಬ್ಬೀನೂ ಎದ್ದು ಹೋಗತಿದ್ದುವು. ಅಂಥಾ ಗಂಟಲು ಅಕಿದು.

ಹ್ವಾದ ಬ್ಯಾಸಗಿಗೆ ಅವ್ವ ಹ್ವಾದ್ಲು. ಕಲ್ಲಿನಂಥಾ ನೆಲದಾಗ ಕುಣಿ ತೋಡಿದವರು ಬೀರಣ್ಣನ ಮನಿಯವರ. ನಾ ತಂದದ್ದು ವಿಭೂತಿ, ಪತ್ರಿ ಅಷ್ಟ. ಊರ ಮಂದಿ ಬಂದು ಒಂದೊಂದು ಹಿಡಿ ಮಣ್ಣು ಹಾಕಿದ್ರು. ಖರ್ಚು ಎಷ್ಟಾತು ಅಂತ ಪುಣೆದ ಬೀಗರು ಫೋನಿನ್ಯಾಗ ಕೇಳಿದಾಗ ನನಗ ಅಳು ಬಂತು. ಇಷ್ಟು ಮಂದಿ ಉಪಕಾರ ನನ್ನ ತಕ್ಕಡಿಗೆ ಎಲ್ಲಿ ಹಿಡದೀತ್ರಿ?

ಈ ಎಳ್ಳಮಾಸಿಗೆ ಹ್ವಾದಾಗ ನೋಡಿದೆ, ಬಿತ್ತೂ ಕೂರಿಗಿ ಅವ್ವನ ಮೂಲಿ ಬಿಟ್ಟು ಸುತ್ತಿ ಹೋಗಿತ್ತು. “ನಿನಗ ಲುಕ್ಸಾನ ಆತಲ್ಲೋ ಬೀರಣ್ಣ” ಅಂದೆ.

“ನಾಕು ತೆನಿ ಹ್ವಾದುವು ಖರೆರಿ. ಗುಬ್ಬಿ ಕಾಯಾಕ ಅವ್ವಾರು ಕುಂತಾರಲ್ಲ” ಅಂತ ನಕ್ಕ. ಚರಗದ ಮೊದಲ ತುತ್ತು ಅಕಿ ಮುಂದ ಇಟ್ಟ.

ನಂದು ಕಿರಾಣಿ ಬುದ್ಧಿ, ಸುಮ್ಮನ ಇದ್ದೀತ? “ಅಕಿ ಬಾಜೂ ನನಗೂ ಒಂದೀಟು ಜಾಗ ಹಿಡದಿಡೋ” ಅಂದೆ.

ಬೀರಣ್ಣ ತಾಟು ನನ್ನ ಕಡೆ ಸರಿಸಿದ. “ಮೊದಲ ಉಣ್ರಿ.”