ಅಂಟಜ್ಜಿ ಹಾಳೆಯಲ್ಲಿ ಕಾಪಿಟ್ಟ ಹಾಡು

ಬೆಳಕು ಇನ್ನೂ ಕಿಟಕಿಯ ಕಂಬಿ ದಾಟಿಲ್ಲ. ಬೈಂಡಿಂಗ್ ಅಂಗಡಿಯ ಹಿಂಕೋಣೆಯಲ್ಲಿ ಎಪ್ಪತ್ತೊಂದರ ಅಜ್ಜಿಯೊಬ್ಬರು ನೆಲದ ಮೇಲೆ ಕೂತು, ನಿನ್ನೆ ಕತ್ತರಿಸಿ ಉಳಿದ ಕಾಗದದ ಚೂರುಗಳನ್ನು ಬಣ್ಣ ನೋಡಿ ವಿಂಗಡಿಸುತ್ತಿದ್ದಾರೆ. ಒಲೆಯ ಮೇಲೆ ಮೈದಾ ಅಂಟು ಲೊಚಲೊಚ ಕುದಿಯುತ್ತಿದೆ. ಬೀದಿಯ ಮಕ್ಕಳಿಗೆ ಇವರು ಅಂಟಜ್ಜಿ.

ರಜೆಯ ದಿನ ಎಂಟು ಗಂಟೆಗೆ ಹನ್ನೊಂದು ಮಕ್ಕಳು ಬರುತ್ತಾರೆ. ಅಜ್ಜಿ ಹಳೆಯ ಹಾಡೊಂದನ್ನು ಹಚ್ಚಿದೊಡನೆ ಕಾಗದ ಹರಿದು ಅಂಟಿಸತೊಡಗುತ್ತಾರೆ. ಕತ್ತರಿ ಮುಟ್ಟುವಂತಿಲ್ಲ. ದನಿ ಏರಿದರೆ ಚೂರು ಮೇಲಕ್ಕೆ, ಇಳಿದರೆ ಕೆಳಕ್ಕೆ, ಎಳೆದರೆ ಉದ್ದನೆಯ ಪಟ್ಟಿ. ಉಸಿರೆಳೆದ ಕಡೆ ಬೆರಳಗಲ ಜಾಗ ಖಾಲಿ.

"ಇದೇನೇ ತಾಯಿ, ಒಂದು ಕಡೆನೂ ಉಸಿರಿಗೆ ಜಾಗ ಬಿಟ್ಟಿಲ್ಲ! ಹಾಡೋರು ಬದುಕೋದು ಬೇಡ್ವಾ?" ಎಂದು ಅಜ್ಜಿ ಒಬ್ಬಳ ಹಾಳೆ ನೋಡಿ ಗದರುತ್ತಾರೆ.

"ನಂಗೆ ಅಷ್ಟು ಉಸಿರಿದೆ ಅಜ್ಜಿ."

"ಗೊತ್ತು ಬಿಡು. ಬಂದಾಗಿನಿಂದ ಬಾಯಿ ಮುಚ್ಚಿಲ್ಲ ನೀನು."

ಹಾಡಿನಲ್ಲಿರುವ ದನಿ ಅಜ್ಜಿಯ ತಾಯಿಯದು. ಇದೇ ಕೋಣೆಯಲ್ಲಿ ಪುಸ್ತಕ ಹೊಲಿಯುತ್ತ ಆಕೆ ಹಾಡುತ್ತಿದ್ದರು. ದಬ್ಬಳ ಹಾಳೆಗಿಳಿಯುವ ಸದ್ದೇ ತಾಳ. ಎಲ್ಲೂ ಬರೆದಿಟ್ಟ ಹಾಡಲ್ಲ, ಇದ್ದದ್ದು ಒಂದೇ ಟೇಪು. "ಅಮ್ಮ ಕಲಿ ಅಂದಾಗ ನಾಳೆ ನಾಳೆ ಅಂದೆ. ಈಗ ನಾನು ಬಾಯಿ ತೆಗೆದ್ರೆ ಕಾಗೆನೂ ಎದ್ದು ಹೋಗುತ್ತೆ."

ಹೋದ ತಿಂಗಳು ಆ ಟೇಪು ತುಂಡಾಯಿತು. ಕೈಯ ಅಭ್ಯಾಸ, ಅಜ್ಜಿ ಪುಸ್ತಕದ ಬೆನ್ನಿಗೆ ಹಚ್ಚುವ ಅಂಟನ್ನೇ ಹಚ್ಚಿ ಜೋಡಿಸಿದರು. ಅಂಟು ಹರಡಿ ಒಂದಿಡೀ ಸಾಲು ಮುಕ್ಕಾಯಿತು. ಉಳಿದದ್ದನ್ನು ಮಗಳು ಫೋನಿಗೆ ಇಳಿಸಿಕೊಟ್ಟಿದ್ದಾಳೆ. "ಐವತ್ತು ವರ್ಷ ಹರಿದದ್ದನ್ನ ಕೂಡಿಸಿದ ಕೈ ಇದು. ಅಮ್ಮನ ಹಾಡನ್ನೇ ಕೆಡಿಸ್ತಲ್ಲ!"

ಆ ಸಾಲಿನ ಮಾತು ಎಲ್ಲರಿಗೂ ನೆನಪಿದೆ, ರಾಗ ಮಾತ್ರ ಜಾರುತ್ತಿದೆ. ಇಂದು ಅಜ್ಜಿ ಬಟ್ಟೆಯ ಗಂಟು ಬಿಚ್ಚಿ, ಒಂಬತ್ತು ವರ್ಷಗಳಿಂದ ಕಾಪಿಟ್ಟ ಮಕ್ಕಳ ಹಾಳೆಗಳಲ್ಲಿ ಟೇಪು ತುಂಡಾಗುವ ಮೊದಲು ಅಂಟಿಸಿದ ಒಂದನ್ನು ಹಾಸುತ್ತಾರೆ. ಕನ್ನಡಕದ ಹುಡುಗಿಯೊಬ್ಬಳು ಚೂರುಗಳ ಮೇಲೆ ಬೆರಳಾಡಿಸುತ್ತ, ಮೆಲ್ಲಗೆ, ಕಳೆದ ಸಾಲನ್ನು ಹಾಡುತ್ತಾಳೆ. ಅಜ್ಜಿ ಕಣ್ಣು ಮುಚ್ಚಿಕೊಳ್ಳುತ್ತಾರೆ.

"ಅಲ್ಲ ಕಣೇ, ಕೊನೇಲಿ ಇಳೀಬೇಕು!" ಎನ್ನುತ್ತಾಳೆ ಅವಳ ತಂಗಿ.

"ಚೂರು ಮೇಲಿದೆ, ಕಾಣ್ಸಲ್ವಾ?"

"ಅದು ಅಂಟು ಹೆಚ್ಚಾಗಿ ಜಾರಿದ್ದು!"

ಯಾರದು ಸರಿ? ಕೇಳಿದರೆ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಾರೆ.

"ಅಮ್ಮ ಇವೆರಡರ ನಡುವೆ ಎಲ್ಲೋ ಹಾಡ್ತಿದ್ಲು. ನಾನು ಹೋದ ಮೇಲೂ ಇವರು ಹೀಗೇ ಜಗಳ ಆಡ್ತಿರ್ಲಿ, ಸಾಕು."